ಗೋದಲಿಗೆ ಎಡೆ: ಕ್ರಿಸ್ಮಸ್ ಕುರಿತು ಓದುಗರ ಪ್ರಶ್ನೆಗಳಿಗೆ ಉತ್ತರ

ಈ ತಿಂಗಳು ಬಂದ ಪತ್ರಗಳಲ್ಲಿ ಐದು ಪತ್ರಗಳು ಒಂದೇ ವಿಷಯವನ್ನು ಕುರಿತವು. ಐದೂ ಕಾಸರಗೋಡು ಜಿಲ್ಲೆಯಿಂದ ಬಂದಿವೆ, ಆದರೆ ಬರೆದವರು ಬೇರೆ ಬೇರೆ ಮತದವರು. ಆದ್ದರಿಂದ ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು, ಈ ಬಾರಿ ಇವಕ್ಕೆ ಮಾತ್ರ ಉತ್ತರಿಸುತ್ತೇನೆ. ಕೇಳಿದವರ ಇಚ್ಛೆಯಂತೆ ಹೆಸರುಗಳನ್ನು ಬಿಟ್ಟಿದ್ದೇನೆ.

ಪ್ರಶ್ನೆ: ಕಳೆದ ವರ್ಷ ಶಾಲೆಯ ಕ್ರಿಸ್ಮಸ್ ನಾಟಕದಲ್ಲಿ ನನ್ನ ಮೊಮ್ಮಗ ಕುರುಬನ ವೇಷ ಹಾಕಿದ್ದ. ಮನೆಗೆ ಬಂದವನು, "ಅಜ್ಜೀ, ದೇವರು ಹಟ್ಟಿಯಲ್ಲಿ ಯಾಕೆ ಹುಟ್ಟಿದ್ದು?" ಎಂದು ಕೇಳಿದ. ನನಗೆ ಹೇಳಲು ತಿಳಿಯಲಿಲ್ಲ. ದಿನವೂ ಮನೆದೇವರಿಗೆ ದೀಪ ಹಚ್ಚುವ ನಮ್ಮಂಥವರು ತಿಳಿಯಬೇಕಾದ ಒಳ ಅರ್ಥ ಈ ಹಬ್ಬದಲ್ಲಿ ಏನಾದರೂ ಇದೆಯೇ? ಅದನ್ನು ಮನಸ್ಸಿಗೆ ತಂದುಕೊಂಡರೆ ನಮ್ಮ ನಿಷ್ಠೆಗೆ ಲೋಪ ಬರುತ್ತದೆಯೇ?
— ನಿವೃತ್ತ ಅಧ್ಯಾಪಕಿ, ಪೆರ್ಲ

ಉತ್ತರ: ಟೀಚರೇ, ನಿಮ್ಮ ಮೊಮ್ಮಗ ಸರಿಯಾದ ಜಾಗದಲ್ಲಿಯೇ ಕೈಯಿಟ್ಟಿದ್ದಾನೆ. ಅವನಿಗೆ ಮೊದಲು ಕತೆಯನ್ನು ಮೂಲದಲ್ಲಿ ಇರುವ ಹಾಗೆ ಹೇಳಿ. ಬೈಬಲಿನಲ್ಲಿ ಯೇಸುವಿನ ಜೀವನವನ್ನು ಹೇಳುವ ನಾಲ್ಕು ಸುವಾರ್ತೆಗಳಲ್ಲಿ ಅವನ ಜನನದ ಕತೆ ಇರುವುದು ಮತ್ತಾಯ ಮತ್ತು ಲೂಕ ಬರೆದ ಎರಡರಲ್ಲಿ ಮಾತ್ರ. ಮಾರ್ಕನು ಯೇಸು ಪ್ರಾಯಕ್ಕೆ ಬಂದು ದೀಕ್ಷಾಸ್ನಾನ ಪಡೆಯುವಲ್ಲಿಂದ ತೊಡಗುತ್ತಾನೆ. ಯೋಹಾನನು ಕಾಲಕ್ಕಿಂತಲೂ ಹಿಂದೆ ಹೋಗಿ, ಆದಿಯಲ್ಲಿ ವಾಕ್ಯವಿತ್ತು ಎಂದು ಆರಂಭಿಸುತ್ತಾನೆ. ನಕ್ಷತ್ರ, ಮೂಡಣ ದೇಶದ ಜ್ಞಾನಿಗಳು, ಅವರು ತಂದ ಚಿನ್ನ, ಧೂಪ, ರಕ್ತಬೋಳ, ಇವು ಮತ್ತಾಯನಲ್ಲಿ ಬರುತ್ತವೆ. ಕುರುಬರು, ದೇವದೂತರು, ಗೋದಲಿ, ಇವು ಲೂಕನಲ್ಲಿ. ಶಾಲೆಯ ನಾಟಕದಲ್ಲಿಯೂ ಇಗರ್ಜಿಯ ಅಲಂಕಾರದಲ್ಲಿಯೂ ನಾವು ನೋಡುವುದು ಈ ಎರಡನ್ನು ಸೇರಿಸಿದ ಚಿತ್ರ.

ಲೂಕನು ಹೇಳುವಂತೆ, ರೋಮಿನ ಚಕ್ರವರ್ತಿ ಅಗಸ್ಟಸನು ಜನರೆಲ್ಲ ಹೆಸರು ಬರೆಸಿಕೊಳ್ಳಬೇಕೆಂದು ಆಜ್ಞೆ ಹೊರಡಿಸಿದ್ದರಿಂದ, ನಜರೇತಿನಲ್ಲಿ ಇದ್ದ ಯೋಸೇಫನು ತುಂಬು ಬಸುರಿಯಾದ ಮರಿಯಳನ್ನು ಕರೆದುಕೊಂಡು ತನ್ನ ವಂಶದ ಊರಾದ ಬೆತ್ಲೆಹೇಮಿಗೆ ಹೋದನು. ಅಲ್ಲಿಯ ಛತ್ರದಲ್ಲಿ ಅವರಿಗೆ ಎಡೆ ಸಿಗಲಿಲ್ಲ. ಹುಟ್ಟಿದ ಕೂಸನ್ನು ಬಟ್ಟೆಯಲ್ಲಿ ಸುತ್ತಿ ಗೋದಲಿಯಲ್ಲಿ ಮಲಗಿಸಿದಳು. ಲೂಕನು ಹಟ್ಟಿ ಎಂಬ ಮಾತನ್ನು ಎಲ್ಲಿಯೂ ಆಡುವುದಿಲ್ಲ, ದನವನ್ನೂ ಕತ್ತೆಯನ್ನೂ ಹೇಳುವುದಿಲ್ಲ. ಗೋದಲಿ ಇದ್ದಲ್ಲಿ ಹಟ್ಟಿ ಇದ್ದಿರಲೇಬೇಕು ಎಂದು ಕೇಳಿದವರು ಗ್ರಹಿಸಿಕೊಂಡರು. ಎತ್ತು ತನ್ನ ಒಡೆಯನನ್ನೂ ಕತ್ತೆ ತನ್ನ ಯಜಮಾನನ ಗೋದಲಿಯನ್ನೂ ಬಲ್ಲದು ಎಂಬ ಯೆಶಾಯ ಪ್ರವಾದಿಯ ಮಾತು ಆ ಎರಡು ಪ್ರಾಣಿಗಳನ್ನು ಅಲ್ಲಿಗೆ ಕರೆತಂದಿತು. ಲೂಕನಿಗಾದರೋ ಗೋದಲಿಯೇ ಮುಖ್ಯ. ಅಷ್ಟು ಸಣ್ಣ ಕತೆಯಲ್ಲಿ ಅವನು ಆ ಪದವನ್ನು ಮೂರು ಸಲ ಹೇಳುತ್ತಾನೆ. ದೇವದೂತನು ಕುರುಬರಿಗೆ ಕೊಡುವ ಗುರುತೂ ಅದೇ: ಗೋದಲಿಯಲ್ಲಿ ಮಲಗಿರುವ ಒಂದು ಕೂಸನ್ನು ಕಾಣುವಿರಿ.

ಅಕ್ಕಚ್ಚು ಇಡುವ, ಬೈಹುಲ್ಲು ಹಾಕುವ ಜಾಗವನ್ನು ಕಣ್ಣಾರೆ ಕಂಡ ನಮ್ಮ ಊರಿನ ಮಗುವಿಗೆ ಇದು ಸುಲಭವಾಗಿ ತಿಳಿಯುತ್ತದೆ. ಗೋದಲಿ ಮಲಗುವ ಜಾಗವಲ್ಲ, ಮೇವಿನ ಜಾಗ. ಬೆತ್ಲೆಹೇಮ್ ಎಂಬ ಹೀಬ್ರೂ ಹೆಸರಿಗೆ ರೊಟ್ಟಿಯ ಮನೆ ಎಂದರ್ಥ. ಮುಂದೊಂದು ದಿನ ಶಿಷ್ಯರೊಡನೆ ಕೊನೆಯ ಊಟಕ್ಕೆ ಕುಳಿತು, ರೊಟ್ಟಿಯನ್ನು ಮುರಿದು, ಇದು ನನ್ನ ದೇಹ ಎಂದು ಹಂಚಲಿರುವವನು ರೊಟ್ಟಿಯ ಮನೆಯೆಂಬ ಊರಿನ ಮೇವಿನ ತೊಟ್ಟಿಯಲ್ಲಿ ಮಲಗಿದ್ದಾನೆ. ಕ್ರೈಸ್ತ ಭಕ್ತರು ಗೋದಲಿಯ ಮುಂದೆ ಮೊಣಕಾಲೂರುವಾಗ ಆ ಊಟವೂ ಅವರ ಮನಸ್ಸಿನಲ್ಲಿ ಇರುತ್ತದೆ. ಕನ್ನಡದಲ್ಲಿ ಎಡೆ ಎಂದರೆ ಜಾಗವೂ ಹೌದು, ಬಾಳೆಲೆಯಲ್ಲಿ ಬಡಿಸಿ ಇಡುವ ಅನ್ನವೂ ಹೌದು. ಎಡೆ ಸಿಗದೆ ಹೋದವನು ತಾನೇ ಎಡೆಯಾದನು ಎಂದು ನಿಮ್ಮ ಮೊಮ್ಮಗನಿಗೆ ಹೇಳಿ. ಬೇರೆ ಭಾಷೆಯ ಮಕ್ಕಳಿಗೆ ಇಷ್ಟು ಚಿಕ್ಕ ಮಾತಿನಲ್ಲಿ ಇದನ್ನು ಹೇಳಲಾಗದು.

ಇನ್ನೊಂದು ಅಂಶವನ್ನು ಸಂತ ಪೌಲನು ಫಿಲಿಪ್ಪಿಯವರಿಗೆ ಬರೆದ ಪತ್ರದಲ್ಲಿ ಹೇಳುತ್ತಾನೆ. ದೇವರಿಗೆ ಸಮನಾಗಿದ್ದವನು ಆ ಹಿರಿಮೆಯನ್ನು ಹಿಡಿದುಕೊಳ್ಳದೆ, ತನ್ನನ್ನು ಬರಿದು ಮಾಡಿಕೊಂಡು ಮನುಷ್ಯನಾದನು ಎಂಬುದು ಅವನ ಮಾತಿನ ತಾತ್ಪರ್ಯ. ಈ ಬರಿದಾಗುವಿಕೆಯೇ ಕ್ರಿಸ್ಮಸ್ಸಿನ ಒಳಗಣ ತಿರುಳು ಎಂದು ನಾನು ತಿಳಿದಿದ್ದೇನೆ. ಅಲ್ಲಿ ತುಂಬಿದ್ದೂ ಬರಿದಾದದ್ದೂ ಎದುರುಬದುರಾಗಿ ನಿಂತಿವೆ. ಛತ್ರ ತುಂಬಿತ್ತು, ಆದ್ದರಿಂದ ಅಲ್ಲಿಗೆ ಬಂದವನನ್ನು ಅದು ಒಳಗೆ ಬಿಟ್ಟುಕೊಳ್ಳಲಾರದೆ ಹೋಯಿತು. ಗೋದಲಿ ಖಾಲಿಯಿತ್ತು, ಬಂದವನಿಗೆ ಹಾಸಿಗೆಯಾಯಿತು. ತಾನೇ ತುಂಬಿಕೊಂಡಿರುವ ಮನಸ್ಸಿಗೆ ದೇವರು ಬಂದರೂ ಕೂರಲು ಜಾಗವಿಲ್ಲ ಎಂಬುದನ್ನು ನಮ್ಮ ದಾಸರೂ ಶರಣರೂ ತಮ್ಮದೇ ರೀತಿಯಲ್ಲಿ ಹೇಳಿದ್ದನ್ನು ನೀವು ಮಕ್ಕಳಿಗೆ ವರ್ಷಗಟ್ಟಲೆ ಪಾಠ ಮಾಡಿದ್ದೀರಿ.

ಇಲ್ಲಿ ಗಡಿನಾಡಿನವನಾಗಿ ಒಂದು ಮಾತು ಸೇರಿಸಬೇಕೆನಿಸುತ್ತದೆ. 1956ರ ನವೆಂಬರ್ 1ರಂದು ರಾಜ್ಯಗಳ ಎಲ್ಲೆ ಬದಲಾದ ಮೇಲೆ, ಮನೆ ಬಿಟ್ಟು ಕದಲದ ನಮ್ಮ ಹಿರಿಯರು ಬೇರೊಂದು ಆಡಳಿತ ಭಾಷೆಯ ರಾಜ್ಯದವರಾದರು. ತಮ್ಮ ಮಾತಿನಲ್ಲಿಲ್ಲದ ಅರ್ಜಿಯನ್ನು ಹಿಡಿದು, ಯಾರಾದರೂ ಓದಿ ಹೇಳುತ್ತಾರೆಯೇ ಎಂದು ಕಚೇರಿಯ ಜಗಲಿಯಲ್ಲಿ ಕಾದು ನಿಂತ ಅಜ್ಜಂದಿರನ್ನು ನಾನು ನೋಡಿದ್ದೇನೆ. ಹೆಸರು ಬರೆಸುವುದಕ್ಕಾಗಿ ದೂರದ ಊರಿಗೆ ನಡೆದು ಹೋದ ಒಬ್ಬ ಬಡಗಿ, ಅವನ ಜೊತೆಯಲ್ಲಿ ದಿನ ತುಂಬಿದ ಹೆಂಗಸು, ಮುಚ್ಚಿದ ಬಾಗಿಲು, ಇವು ನಮಗೆ ದೂರದ ದೇಶದ ಸಂಗತಿಗಳಾಗಿ ಕಾಣುವುದಿಲ್ಲ.

ಬೇರೆ ಪರಂಪರೆಗಳ ಜನನಕತೆಗಳಿಗೆ ಬಂದರೆ, ಮನೆಯ ಹೊರಗಿನ ಹೆರಿಗೆ ಅಲ್ಲಿಯೂ ಕಾಣಿಸುತ್ತದೆ. ಭಾಗವತದ ಹತ್ತನೆಯ ಸ್ಕಂಧದಲ್ಲಿ ಕೃಷ್ಣನು ಹುಟ್ಟುವುದು ಸೆರೆಮನೆಯಲ್ಲಿ, ನಡುರಾತ್ರಿ. ಬೌದ್ಧ ಪರಂಪರೆಯಲ್ಲಿ ಮಾಯಾದೇವಿ ತವರಿಗೆ ಹೊರಟವಳು, ದಾರಿಯಲ್ಲಿ ಲುಂಬಿನಿಯ ತೋಪಿನಲ್ಲಿ ಸಾಲವೃಕ್ಷದ ಕೊಂಬೆಯನ್ನು ಹಿಡಿದು ನಿಂತು ಸಿದ್ಧಾರ್ಥನನ್ನು ಹೆರುತ್ತಾಳೆ. ಆದರೆ ಎಲ್ಲ ಕಡೆಯೂ ಹೀಗೆಯೇ ಎಂದರೆ ತಪ್ಪಾದೀತು. ಬಂಗ್ರ ಮಂಜೇಶ್ವರದ ಬಸದಿಗೆ ಹೋಗಿ ಕೇಳಿದರೆ, ಮಹಾವೀರನು ಹುಟ್ಟಿದ್ದು ಅರಮನೆಯಲ್ಲಿ, ತಾಯಿ ತ್ರಿಶಲಾದೇವಿ ಕಂಡ ಮಂಗಳಕರ ಕನಸುಗಳ ಬೆನ್ನಿಗೆ ಎಂದು ಹೇಳುತ್ತಾರೆ. ದಿಗಂಬರರಿಗೆ ಆ ಕನಸುಗಳು ಹದಿನಾರು, ಶ್ವೇತಾಂಬರರಿಗೆ ಹದಿನಾಲ್ಕು. ಅಲ್ಲಿ ಎಲ್ಲವನ್ನೂ ಬಿಟ್ಟು ಬರಿದಾಗುವುದು ಹುಟ್ಟಿನಲ್ಲಿ ಅಲ್ಲ, ಮೂವತ್ತನೆಯ ವಯಸ್ಸಿನ ದೀಕ್ಷೆಯಲ್ಲಿ. ಒಂದೊಂದು ಧರ್ಮವೂ ಆ ಬರಿದನ್ನು ತನಗೆ ಬೇಕಾದ ಕಡೆ ಇಟ್ಟಿದೆ.

ಬುದ್ಧನ ಕತೆಯನ್ನೂ ಯೇಸುವಿನ ಕತೆಯನ್ನೂ ಅಕ್ಕಪಕ್ಕದಲ್ಲಿಟ್ಟು ಓದಿದಾಗ ನನ್ನನ್ನು ಬಹಳ ಕಾಡಿದವರು ಇಬ್ಬರು ಮುದುಕರು. ಸಿದ್ಧಾರ್ಥನು ಹುಟ್ಟಿದ ಸುದ್ದಿ ತಿಳಿದು ಅಸಿತನೆಂಬ ಮುದಿ ಋಷಿ ಬರುತ್ತಾನೆ, ಕೂಸನ್ನು ಎತ್ತಿಕೊಂಡು ಮೊದಲು ನಗುತ್ತಾನೆ, ಮತ್ತೆ ಅಳುತ್ತಾನೆ. ಮಗುವಿಗೆ ಏನಾದರೂ ಕೇಡು ಇದೆಯೇ ಎಂದು ಶಾಕ್ಯರು ಗಾಬರಿಗೊಂಡು ಕೇಳಿದರೆ, ಮಗುವಿಗೆ ಕೇಡಿಲ್ಲ, ಇವನು ಬೋಧಿಸುವ ಕಾಲಕ್ಕೆ ನಾನು ಇರುವುದಿಲ್ಲ, ಅದಕ್ಕೆ ಅಳುತ್ತಿದ್ದೇನೆ ಎನ್ನುತ್ತಾನೆ. ಲೂಕನ ಸುವಾರ್ತೆಯಲ್ಲಿ, ಕೂಸನ್ನು ಜೆರುಸಲೇಮಿನ ದೇವಾಲಯಕ್ಕೆ ಒಯ್ದಾಗ, ಸಿಮೆಯೋನನೆಂಬ ಮುದುಕ ಅದನ್ನು ತೋಳಿನಲ್ಲಿ ಎತ್ತಿಕೊಂಡು, ನಾನು ಕಾಣಬೇಕಾದುದನ್ನು ಕಂಡೆ, ಇನ್ನು ನಿನ್ನ ದಾಸನನ್ನು ಸಮಾಧಾನದಿಂದ ಕಳುಹಿಸಿಕೊಡು ಎಂದು ದೇವರಿಗೆ ಹೇಳುತ್ತಾನೆ. ಒಬ್ಬನಿಗೆ ಮಗು ಮುಂದೆ ಆಡಲಿರುವ ಮಾತು ಬೇಕು, ಆದ್ದರಿಂದ ಅವನು ಅಳುತ್ತಾನೆ. ಇನ್ನೊಬ್ಬನಿಗೆ ಮಗುವೇ ಸಾಕು, ಆದ್ದರಿಂದ ಅವನು ಹೊರಡಲು ಸಿದ್ಧನಾಗುತ್ತಾನೆ. ಬೌದ್ಧರಿಗೆ ಧರ್ಮೋಪದೇಶವೇ ಬಿಡುಗಡೆಯ ದಾರಿ, ಕ್ರೈಸ್ತರಿಗೆ ಆ ವ್ಯಕ್ತಿಯೇ ದಾರಿ. ಎರಡು ಧರ್ಮಗಳ ನಡುವಿನ ಇಷ್ಟು ದೊಡ್ಡ ಅಂತರವನ್ನು ಇಬ್ಬರು ಮುದುಕರ ತೋಳಿನಲ್ಲಿರುವ ಎರಡು ಹಸುಗೂಸುಗಳು ತೋರಿಸಿಕೊಡುತ್ತವೆ.

ಆ ದಿನ ಯೋಸೇಫ ಮತ್ತು ಮರಿಯ ದೇವಾಲಯಕ್ಕೆ ಒಪ್ಪಿಸಿದ್ದು ಕುರಿಮರಿಯನ್ನಲ್ಲ, ಹಕ್ಕಿಗಳ ಜೋಡಿಯನ್ನು. ಕುರಿಮರಿಗೆ ಅನುಕೂಲವಿಲ್ಲದ ಬಡವರಿಗೆ ಮೋಶೆಯ ಧರ್ಮಶಾಸ್ತ್ರವು ಕೊಟ್ಟ ವಿನಾಯಿತಿ ಅದು. ಸಿಮೆಯೋನನು ಮರಿಯಳ ಕಡೆ ತಿರುಗಿ, ನಿನ್ನ ಪ್ರಾಣವನ್ನೂ ಒಂದು ಕತ್ತಿ ತಿವಿಯುವುದು ಎಂದನು. ನಿಮ್ಮಿಂದ ಬಹಳ ದೂರವಿಲ್ಲದ ಬೇಳದಲ್ಲಿ, 1890ರಲ್ಲಿ ಸ್ಥಾಪನೆಯಾದ ಶೋಕಮಾತೆಯ ಇಗರ್ಜಿ ಇದೆಯಲ್ಲ, ಆ ಹೆಸರಿನ ಮೂಲದಲ್ಲಿ ಈ ಮಾತಿದೆ. ಕಥೋಲಿಕರು ಎಣಿಸುವ ಮರಿಯಮ್ಮನ ಏಳು ಶೋಕಗಳಲ್ಲಿ ಮೊದಲನೆಯದು ಸಿಮೆಯೋನನ ಈ ನುಡಿ, ಎರಡನೆಯದು ಹೆರೋದ ಅರಸನ ಭಯದಿಂದ ಕೂಸನ್ನು ಎತ್ತಿಕೊಂಡು ಈಜಿಪ್ಟಿಗೆ ಓಡಿದ್ದು, ಮೂರನೆಯದು ಹನ್ನೆರಡು ವರ್ಷದ ಬಾಲಕನನ್ನು ಜೆರುಸಲೇಮಿನಲ್ಲಿ ಮೂರು ದಿನ ಹುಡುಕಿದ್ದು. ಏಳರಲ್ಲಿ ಮೂರು ಶೋಕಗಳು ಮಗನ ಬಾಲ್ಯಕ್ಕೇ ಸೇರಿವೆ. ಹಬ್ಬದ ಬೆಳಕಿನಲ್ಲಿ ಇದನ್ನು ಮರೆತರೆ ಕ್ರಿಸ್ಮಸ್ಸಿನ ಅರ್ಥ ಅರೆಯಾಗುತ್ತದೆ.

ನಿಷ್ಠೆಗೆ ಲೋಪ ಬರುತ್ತದೆಯೇ ಎಂದು ಕೇಳಿದಿರಿ. ಮಂಜೇಶ್ವರದ ಗೋವಿಂದ ಪೈಗಳು ಯೇಸುವಿನ ಕಡೆಯ ದಿನವನ್ನು ಕುರಿತು ಗೊಲ್ಗೊಥಾ ಎಂಬ ಖಂಡಕಾವ್ಯವನ್ನೂ ಬುದ್ಧನ ಕಡೆಯ ದಿನವನ್ನು ಕುರಿತು ವೈಶಾಖಿಯನ್ನೂ ಬರೆದರು. ಅದಕ್ಕಾಗಿ ಅವರು ತಮ್ಮ ಮನೆತನದ ದೇವರನ್ನು ಬಿಡಬೇಕಾಗಲಿಲ್ಲ. 1886ರ ಡಿಸೆಂಬರ್ 24ರ ರಾತ್ರಿ, ಶ್ರೀರಾಮಕೃಷ್ಣರು ತೀರಿಕೊಂಡ ಕೆಲವು ತಿಂಗಳ ಮೇಲೆ, ಬಂಗಾಳದ ಆಂಟ್‌ಪುರದಲ್ಲಿ ಅವರ ತರುಣ ಶಿಷ್ಯರು ಧುನಿಯ (ಉರಿಯುವ ಅಗ್ನಿಕುಂಡದ) ಸುತ್ತ ಕುಳಿತರು. ಮುಂದೆ ವಿವೇಕಾನಂದರಾದ ನರೇಂದ್ರರು ಅವರಿಗೆ ಯೇಸುವಿನ ಕತೆಯನ್ನು ಹೇಳಿದರು, ಅಲ್ಲಿಯೇ ಎಲ್ಲರೂ ಸಂನ್ಯಾಸದ ಸಂಕಲ್ಪ ಮಾಡಿದರು. ಅದು ಕ್ರಿಸ್ಮಸ್ಸಿನ ಹಿಂದಿನ ರಾತ್ರಿ ಎಂಬುದು ಅವರಿಗೆ ಹೊಳೆದದ್ದು ಆಮೇಲೆ. ರಾಮಕೃಷ್ಣ ಸಂಘದ ಆಶ್ರಮಗಳಲ್ಲಿ ಇಂದಿಗೂ ಆ ಸಂಜೆ ಯೇಸುವಿನ ಆರಾಧನೆ ನಡೆಯುತ್ತದೆ. ನೀವು ದೀಪ ಹಚ್ಚುವ ಮನೆದೇವರ ಮುಂದೆ ಕುಳಿತುಕೊಂಡೇ ಮೊಮ್ಮಗನಿಗೆ ಗೋದಲಿಯ ಕತೆ ಹೇಳಬಹುದು.

ಪ್ರಶ್ನೆ: ನಾವು ಮುಸ್ಲಿಮರು. ಈಸಾ ನಬಿಯವರನ್ನು ಗೌರವಿಸುತ್ತೇವೆ, ಆದರೆ ಅವರ ಹುಟ್ಟುಹಬ್ಬವನ್ನು ಆಚರಿಸುವುದಿಲ್ಲ. ಕಾಲೇಜಿನ ಗೆಳತಿ ಹಬ್ಬಕ್ಕೆ ಮನೆಗೆ ಕರೆದಿದ್ದಾಳೆ. ಅವಳೊಂದಿಗೆ ಈ ವಿಷಯ ಮಾತಾಡುವುದಾದರೆ ನಮ್ಮ ಗ್ರಂಥದಲ್ಲಿ ಈ ಜನನದ ಅರ್ಥ ಏನೆಂದು ಹೇಳಲಿ?
— ಪದವಿ ವಿದ್ಯಾರ್ಥಿನಿ, ಉಪ್ಪಳ

ಉತ್ತರ: ನಿಮ್ಮ ಗೆಳತಿಗೆ ಗೊತ್ತಿರಲಾರದ ಒಂದು ಸಂಗತಿಯಿಂದಲೇ ಮಾತು ತೊಡಗಿ. ಕುರ್‌ಆನಿನಲ್ಲಿ ಹೆಸರು ಹಿಡಿದು ಹೇಳಲಾದ ಮಹಿಳೆ ಒಬ್ಬರೇ, ಅವರು ಮರ್ಯಮ್. 19ನೆಯ ಅಧ್ಯಾಯಕ್ಕೆ ಅವರದೇ ಹೆಸರು. ಅಲ್ಲಿಯ ಕತೆಯಲ್ಲಿ ಯೋಸೇಫನಿಲ್ಲ, ಛತ್ರವಿಲ್ಲ, ಕುರುಬರಿಲ್ಲ. ಮರ್ಯಮ್ ಒಬ್ಬರೇ ದೂರದ ಒಂದು ಸ್ಥಳಕ್ಕೆ ಸರಿದು ಹೋಗುತ್ತಾರೆ. ಹೆರಿಗೆಯ ಬೇನೆ ಅವರನ್ನು ಒಂದು ಖರ್ಜೂರದ ಮರದ ಬುಡಕ್ಕೆ ತಂದು ಮುಟ್ಟಿಸುತ್ತದೆ. ಅಯ್ಯೋ, ಇದಕ್ಕೆ ಮೊದಲೇ ನಾನು ಸತ್ತುಹೋಗಬಾರದಿತ್ತೇ, ಎಲ್ಲರಿಗೂ ಮರೆತುಹೋಗಬಾರದಿತ್ತೇ ಎಂದು ಅವರು ಕೊರಗುತ್ತಾರೆ. ಆಗ ಕೆಳಗಿನಿಂದ ಒಂದು ದನಿ, ದುಃಖಿಸಬೇಡ, ನಿನ್ನ ಪ್ರಭು ನಿನ್ನ ಪಾದದ ಬಳಿ ತೊರೆಯೊಂದನ್ನು ಹರಿಸಿದ್ದಾನೆ, ಮರದ ಕಾಂಡವನ್ನು ನಿನ್ನ ಕಡೆ ಅಲುಗಾಡಿಸು, ಮಾಗಿದ ಹಣ್ಣು ಉದುರುತ್ತದೆ, ತಿನ್ನು, ಕುಡಿ, ಕಣ್ಣು ತಂಪು ಮಾಡಿಕೋ ಎನ್ನುತ್ತದೆ.

ಈ ಭಾಗವನ್ನು ಓದಿದಾಗಲೆಲ್ಲ ನನ್ನ ಮನಸ್ಸು ಆ ಒಂದು ಆಜ್ಞೆಯ ಬಳಿ ನಿಲ್ಲುತ್ತದೆ. ಹಣ್ಣನ್ನು ಉದುರಿಸಲು ದೇವರಿಗೆ ಮರ್ಯಮರ ಕೈ ಬೇಕಾಗಿರಲಿಲ್ಲ. ಆದರೂ ಹೆರಿಗೆಯಿಂದ ಬಸವಳಿದ ಹೆಣ್ಣಿಗೆ ಮರವನ್ನು ಅಲುಗಾಡಿಸು ಎಂದು ಹೇಳಲಾಗಿದೆ. ಕೃಪೆ ಪೂರ್ತಿಯಾಗಿ ಮೇಲಿನಿಂದಲೇ ಬರುವುದಾದರೂ, ಅದನ್ನು ಪಡೆಯುವವರ ಕಡೆಯಿಂದ ತ್ರಾಣವಿಲ್ಲದ ಒಂದು ಕೈಯಾದರೂ ಚಾಚಿರಬೇಕು ಎಂದು ನಾನು ಅದನ್ನು ಓದಿಕೊಳ್ಳುತ್ತೇನೆ. ಮುಂದೆ ಮರ್ಯಮ್ ಮಗುವಿನೊಂದಿಗೆ ಊರಿಗೆ ಮರಳಿದಾಗ ಜನರು ನಿಂದಿಸುತ್ತಾರೆ. ಮೌನದ ಹರಕೆ ಹೊತ್ತ ಅವರು ಮಗುವಿನ ಕಡೆ ಕೈ ತೋರಿಸುತ್ತಾರಷ್ಟೇ. ತೊಟ್ಟಿಲ ಕೂಸೇ ಮಾತಾಡುತ್ತದೆ, ನಾನು ಅಲ್ಲಾಹನ ದಾಸ ಎಂಬುದೇ ಅದರ ಮೊದಲ ಮಾತು. ನಿಮ್ಮ ಧರ್ಮಕ್ಕೂ ಗೆಳತಿಯ ಧರ್ಮಕ್ಕೂ ಇರುವ ಭೇದ ಅಲ್ಲಿಯೇ ಇದೆ: ಅವಳಿಗೆ ಯೇಸು ದೇವರ ಮಗ, ನಿಮಗೆ ಈಸಾ ದೇವರ ದಾಸ ಮತ್ತು ಪ್ರವಾದಿ. ಇದನ್ನು ಮುಚ್ಚಿಡಬೇಕಾಗಿಲ್ಲ. ನಾನು ಹುಟ್ಟಿದ ದಿನ, ಸಾಯುವ ದಿನ, ಮತ್ತೆ ಎಬ್ಬಿಸಲಾಗುವ ದಿನ ನನ್ನ ಮೇಲೆ ಶಾಂತಿ ಇದೆ ಎಂದು ಕೂಸು ಮಾತನ್ನು ಮುಗಿಸುತ್ತದೆ. ಲೂಕನ ದೇವದೂತರು ಹಾಡಿದ್ದೂ ಭೂಮಿಯ ಮೇಲಿನ ಶಾಂತಿಯನ್ನೇ.

1273ರಲ್ಲಿ ತೀರಿಕೊಂಡ ಸೂಫಿ ಕವಿ ಜಲಾಲುದ್ದೀನ್ ರೂಮಿ ಈ ಕತೆಯನ್ನು ಪೂರಾ ಒಳಮುಖವಾಗಿ ತಿರುಗಿಸಿದರು. ನಮ್ಮ ದೇಹವೇ ಮರ್ಯಮ್, ಪ್ರತಿಯೊಬ್ಬರ ಒಳಗೂ ಒಬ್ಬ ಈಸಾ ಇದ್ದಾನೆ, ಬೇನೆ ಬಂದರೆ ಅವನು ಹುಟ್ಟುತ್ತಾನೆ, ಬೇನೆಯೇ ಬಾರದಿದ್ದರೆ ಬಂದ ಗುಪ್ತ ದಾರಿಯಲ್ಲೇ ಹಿಂದಿರುಗಿ ಹೋಗುತ್ತಾನೆ ಎಂಬುದು ಅವರ ಮಾತಿನ ಸಾರ. ಕನ್ನಡದಲ್ಲಿ ಯಾವ ನೋವಿಗೂ ಬೇನೆ ಎನ್ನುತ್ತೇವೆ, ಹೆರಿಗೆಯ ನೋವಿಗೂ ಬೇನೆ ಎನ್ನುತ್ತೇವೆ. ಆದ್ದರಿಂದ ಈ ಮಾತು ನಮ್ಮ ಭಾಷೆಯಲ್ಲಿ ವಿವರಣೆಯಿಲ್ಲದೆ ನಾಟುತ್ತದೆ. ಗೆಳತಿಗೆ ಇದನ್ನು ಹೇಳಿ. ಅವಳ ಮನೆಯ ಊಟಕ್ಕೆ ಹೋಗಬೇಕೇ, ಹೋದರೆ ಯಾವುದರಲ್ಲಿ ಸೇರಬೇಕು, ಯಾವುದರಿಂದ ದೂರ ಇರಬೇಕು ಎಂಬುದನ್ನು ಮಾತ್ರ ನಿಮ್ಮ ಮನೆಯ ಹಿರಿಯರಲ್ಲಿ, ನೀವು ನಂಬುವ ಉಸ್ತಾದರಲ್ಲಿ ಕೇಳಿ ತೀರ್ಮಾನಿಸಿ. ಆ ತೀರ್ಪು ಕೊಡುವ ಅಧಿಕಾರ ಈ ಅಂಕಣಕ್ಕಿಲ್ಲ.

ಪ್ರಶ್ನೆ: ಯೇಸು ಹುಟ್ಟಿದ್ದು ಡಿಸೆಂಬರ್ 25ಕ್ಕೆ ಎಂಬುದಕ್ಕೆ ಬೈಬಲಿನಲ್ಲಿ ಆಧಾರ ಇದೆಯೇ?
— ವ್ಯಾಪಾರಿ, ಹೊಸಂಗಡಿ

ಉತ್ತರ: ಇಲ್ಲ. ಬೈಬಲ್ ತಿಂಗಳನ್ನೂ ಹೇಳುವುದಿಲ್ಲ, ದಿನವನ್ನೂ ಹೇಳುವುದಿಲ್ಲ. ರೋಮಿನಲ್ಲಿ 336ರ ಹೊತ್ತಿಗೆ ಡಿಸೆಂಬರ್ 25ರ ಆಚರಣೆ ಇತ್ತೆಂಬುದಕ್ಕೆ 354ರ ಒಂದು ಪಂಚಾಂಗದಲ್ಲಿ ದಾಖಲೆ ಸಿಗುತ್ತದೆ. ಆರ್ಮೇನಿಯದ ಕ್ರೈಸ್ತ ಸಭೆಯವರು ಜನವರಿ 6ರಂದು ಆಚರಿಸುತ್ತಾರೆ. ಹಳೆಯ ಜೂಲಿಯನ್ ಪಂಚಾಂಗವನ್ನು ಅನುಸರಿಸುವ ರಷ್ಯದಂಥ ಕಡೆಯ ಆರ್ಥೊಡಾಕ್ಸ್ ಸಭೆಗಳಿಗೆ ಅದೇ ಡಿಸೆಂಬರ್ 25 ನಮ್ಮ ಲೆಕ್ಕದಲ್ಲಿ ಜನವರಿ 7ಕ್ಕೆ ಬೀಳುತ್ತದೆ. ಸೌರಮಾನ ಮತ್ತು ಚಾಂದ್ರಮಾನ ಎರಡು ಯುಗಾದಿಗಳನ್ನು ನೋಡಿ ಅಭ್ಯಾಸವಿರುವ ನಮಗೆ ಇದು ತೊಡಕಾಗಬಾರದು.

ಪ್ರಶ್ನೆ: ಕೃಷ್ಣ ಮತ್ತು ಕ್ರಿಸ್ತ ಒಂದೇ ಹೆಸರಿನ ಎರಡು ರೂಪಗಳು, ಕಂಸನೇ ಹೆರೋದ, ಆದ್ದರಿಂದ ಎರಡು ಹಬ್ಬಗಳ ಅರ್ಥವೂ ಒಂದೇ ಎಂದು ಒಬ್ಬ ಭಾಷಣಕಾರರು ಹೇಳಿದರು. ಇದು ನಿಜವೇ?
— ಯಕ್ಷಗಾನ ಕಲಾವಿದರು, ಕುಂಬಳೆ

ಉತ್ತರ: ಹೆಸರುಗಳ ವಿಷಯದಲ್ಲಿ ನಿಜವಲ್ಲ. ಕ್ರಿಸ್ತ ಎಂಬುದು ಗ್ರೀಕ್ ಭಾಷೆಯಿಂದ ಬಂದ ಪದ, ಅಭಿಷಿಕ್ತ ಎಂದು ಅದರ ಅರ್ಥ. ಹೀಬ್ರೂವಿನ ಮೆಸ್ಸೀಯ ಎಂಬ ಪದದ ಅನುವಾದ ಅದು. ಕೃಷ್ಣ ಎಂದರೆ ಕಪ್ಪು ಬಣ್ಣದವನು. ಉಚ್ಚಾರದ ಹೋಲಿಕೆಯನ್ನು ಬಿಟ್ಟರೆ ಎರಡಕ್ಕೂ ನಂಟಿಲ್ಲ.

ಕತೆಗಳ ಹೋಲಿಕೆ ಮಾತ್ರ ಇದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಹೆದರಿದ ಅರಸ, ಕೊಲೆಯಾಗುವ ಹಸುಳೆಗಳು, ರಾತ್ರಿಯಲ್ಲಿ ಮಗುವನ್ನು ಹೊತ್ತು ದಾಟುವ ತಂದೆ, ಇವೆಲ್ಲ ಎರಡೂ ಕಡೆ ಇವೆ. ನೀವು ಕಂಸನ ವೇಷ ಕಟ್ಟಿದವರಾದರೆ, ಹುಟ್ಟದ ಮಗುವಿಗೆ ಅಂಜುವ ಅಧಿಕಾರ ಎಂಥದು ಎಂಬುದನ್ನು ನನಗಿಂತ ಚೆನ್ನಾಗಿ ಬಲ್ಲಿರಿ. ಆದರೂ ಹತ್ತಿರದಿಂದ ನೋಡಬೇಕು. ಭಾಗವತದಲ್ಲಿ ಕೂಸು ನಾಲ್ಕು ತೋಳುಗಳಲ್ಲಿ ಶಂಖ ಚಕ್ರಾದಿಗಳನ್ನು ಧರಿಸಿಯೇ ಕಾಣಿಸಿಕೊಳ್ಳುತ್ತದೆ. ದೇವಕಿಯೇ ಅಂಜಿ, ಈ ರೂಪವನ್ನು ಮರೆಸು ಎಂದು ಬೇಡಿಕೊಂಡ ಮೇಲೆ ಅದು ಸಾಮಾನ್ಯ ಶಿಶುವಾಗುತ್ತದೆ. ಲೂಕನಲ್ಲಿ ಪ್ರಭೆಯೆಲ್ಲ ಹೊಲದಲ್ಲಿದ್ದ ಕುರುಬರಿಗೆ ಕಾಣಿಸುತ್ತದೆ. ಗೋದಲಿಯ ಬಳಿ ಯಾವ ಬೆಳಕೂ ಇದ್ದಂತೆ ಅವನು ಬರೆದಿಲ್ಲ. ಗೀತೆಯ ನಾಲ್ಕನೆಯ ಅಧ್ಯಾಯದ ಪ್ರಕಾರ ಭಗವಂತನು ಧರ್ಮಕ್ಕೆ ಗ್ಲಾನಿ ಬಂದಾಗಲೆಲ್ಲ ಬರುತ್ತಾನೆ. ಕ್ರೈಸ್ತರ ನಂಬಿಕೆಯಲ್ಲಿ ಆ ಬರುವಿಕೆ ಒಂದೇ ಸಲದ್ದು, ಹಸಿವು ನೋವು ಸಾವುಗಳನ್ನು ಅವನು ನಿಜವಾಗಿ ಅನುಭವಿಸಿದ್ದಾನೆ. ವೈಷ್ಣವ ಆಚಾರ್ಯರಾದರೋ ಕೃಷ್ಣನ ದೇಹ ನಮ್ಮಂಥ ಪ್ರಾಕೃತ ದೇಹವಲ್ಲ, ಅವನಿಗೆ ನೋವಿನ ಲೇಪವಿಲ್ಲ ಎನ್ನುತ್ತಾರೆ. ಈ ಎರಡು ಮಾತುಗಳನ್ನು ಒಂದೇ ಎನ್ನಬೇಕಾದರೆ ಎರಡನ್ನೂ ಅರ್ಧಕ್ಕೆ ಕಡಿಯಬೇಕಾಗುತ್ತದೆ.

ನಮ್ಮ ನೆಲದಲ್ಲಿಯೇ, 13ನೆಯ ಶತಮಾನದಲ್ಲಿ, ಕುಂಬಳೆಯ ಅರಸ ಜಯಸಿಂಹನ ಕಾಲದಲ್ಲಿ ಮಧ್ವಾಚಾರ್ಯರೂ ತ್ರಿವಿಕ್ರಮ ಪಂಡಿತಾಚಾರ್ಯರೂ ದಿನಗಟ್ಟಲೆ ವಾದ ಮಾಡಿದರು. ಇಬ್ಬರ ಮಾತೂ ಒಂದೇ ಎಂದು ಯಾರೂ ನಡುವೆ ಬಂದು ಸಮಾಧಾನ ಹೇಳಲಿಲ್ಲ. ಇಬ್ಬರೂ ಕೊನೆಯವರೆಗೆ ಕೇಳಿದರು, ಕೊನೆಗೆ ತ್ರಿವಿಕ್ರಮರು ಆಚಾರ್ಯರ ಶಿಷ್ಯರಾದರು. ಭೇದವನ್ನು ಇರುವ ಹಾಗೆ ಒಪ್ಪಿಕೊಂಡು ಕೇಳುವುದು ಗೌರವದ ದೊಡ್ಡ ರೂಪ. ನಿಮ್ಮ ಪ್ರಸಂಗದಲ್ಲಿ ದೇವಕಿಯ ಪಾತ್ರವನ್ನು ಪೂರ್ಣವಾಗಿ ಮೆರೆಸಿ. ಮರಿಯಳನ್ನು ಅವಳಲ್ಲಿ ಬೆರೆಸುವ ಅಗತ್ಯವಿಲ್ಲ.

ಪ್ರಶ್ನೆ: ನಮ್ಮದು ಕೊಂಕಣಿ ಕಥೋಲಿಕ ಮನೆ. ಕುಸ್ವಾರ್ (ಹಬ್ಬದ ತಿಂಡಿಗಳು) ಮಾಡುವುದು, ನಕ್ಷತ್ರ ಕಟ್ಟುವುದು, ಬಟ್ಟೆ ತರುವುದು, ಇದರಲ್ಲಿಯೇ ಡಿಸೆಂಬರ್ ಮುಗಿಯುತ್ತದೆ. ಇಗರ್ಜಿಯ ರಾತ್ರಿಯ ಬಲಿಪೂಜೆಯಲ್ಲಿ (ಮಾಸ್‌ನಲ್ಲಿ) ಕುಳಿತರೂ ಮನಸ್ಸಿಗೆ ಏನೂ ಅನಿಸುವುದಿಲ್ಲ. ಬೇರೆ ಮತದವರು ನಮ್ಮ ಹಬ್ಬದ ಅರ್ಥ ಕೇಳಿದಾಗ ನಾಚಿಕೆಯಾಗುತ್ತದೆ. ಏನು ಮಾಡಲಿ?
— ಗೃಹಿಣಿ, ಬೇಳ

ಉತ್ತರ: ತಂಗೀ, ನಾಚಬೇಡಿ. ನಿಮ್ಮದೇ ಪರಂಪರೆಯ ಹಿರಿಯರು ಈ ಬರಡುತನವನ್ನು ಬಲ್ಲವರಾಗಿದ್ದರು. ಸುಮಾರು ಏಳುನೂರು ವರ್ಷಗಳ ಹಿಂದೆ ಜರ್ಮನಿಯಲ್ಲಿದ್ದ ಮೈಸ್ಟರ್ ಎಕ್‌ಹಾರ್ಟ್ ಎಂಬ ಡೊಮಿನಿಕನ್ ಗುರು, ಈ ಜನನ ಸದಾ ನಡೆಯುತ್ತಿದ್ದರೂ ನನ್ನೊಳಗೆ ನಡೆಯದಿದ್ದರೆ ನನಗೇನು ಪ್ರಯೋಜನ ಎಂದು ಕ್ರಿಸ್ಮಸ್ಸಿನ ಪ್ರಸಂಗದಲ್ಲಿ ಕೇಳಿದರು. ಅವರ ಉತ್ತರವೂ ಗೋದಲಿಯ ಉತ್ತರವೇ: ಆತ್ಮವು ಮೌನವಾಗಬೇಕು, ತನ್ನದೆಂಬ ಚಿತ್ರಗಳನ್ನೆಲ್ಲ ಕೆಳಗಿಡಬೇಕು, ಬರಿದಾದಲ್ಲಿಗೆ ದೇವರು ಬಾರದೆ ಇರಲಾರನು.

ಗೋದಲಿ ಕಟ್ಟುವ ಪದ್ಧತಿಗೆ ಪ್ರಸಿದ್ಧಿ ತಂದ ಅಸಿಸಿಯ ಸಂತ ಫ್ರಾನ್ಸಿಸರ ಕತೆ ನಿಮಗೆ ಇನ್ನೂ ಹತ್ತಿರದ್ದು. 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಊರಿನಲ್ಲಿ ಅವರು ಹುಲ್ಲು ತುಂಬಿದ ಗೋದಲಿಯನ್ನು ಸಿದ್ಧಪಡಿಸಿ, ಎತ್ತನ್ನೂ ಕತ್ತೆಯನ್ನೂ ತರಿಸಿ ನಿಲ್ಲಿಸಿ, ಅಲ್ಲಿಯೇ ಬಲಿಪೂಜೆ ಮಾಡಿಸಿದರು. ಅಲ್ಲಿ ನೆರೆದಿದ್ದ ಒಬ್ಬನಿಗೆ ಗೋದಲಿಯಲ್ಲಿ ಜೀವವಿಲ್ಲದಂತೆ ಒಂದು ಕೂಸು ಮಲಗಿರುವುದೂ, ಫ್ರಾನ್ಸಿಸರು ಬಳಿಗೆ ಹೋದಾಗ ಅದು ಗಾಢ ನಿದ್ರೆಯಿಂದೆಂಬಂತೆ ಎಚ್ಚರಗೊಂಡುದೂ ಕಾಣಿಸಿತಂತೆ. ಫ್ರಾನ್ಸಿಸರ ಜೀವನವನ್ನು ಮೊದಲು ಬರೆದವರು ಇದನ್ನು ದಾಖಲಿಸಿ, ಬಹಳ ಮಂದಿಯ ಎದೆಯಲ್ಲಿ ಮರೆತುಹೋಗಿದ್ದ ಯೇಸು ಹಾಗೆ ಎಚ್ಚರಗೊಂಡನು ಎಂದು ಅರ್ಥ ಹೇಳಿದ್ದಾರೆ. ನಿಮ್ಮೊಳಗಿನ ಕೂಸು ಸತ್ತಿಲ್ಲ, ಮಲಗಿದೆ.

ಮಾಡುವ ಕೆಲಸವನ್ನು ಬಿಡಬೇಡಿ, ಅದರ ಕಾಲವನ್ನು ಸ್ವಲ್ಪ ಹಿಂದಕ್ಕೆ ಸರಿಸಿ. ಹಬ್ಬಕ್ಕೆ ಮುಂಚಿನ ನಾಲ್ಕು ಭಾನುವಾರಗಳ ಆಗಮನ ಕಾಲವನ್ನು ಸಭೆ ಇಟ್ಟಿರುವುದು ಕಾಯುವುದಕ್ಕಾಗಿಯೇ. ಕುಸ್ವಾರಿನ ವಿಷಯಕ್ಕೆ ಬಂದರೆ, ನನ್ನ ಬಾಲ್ಯದಲ್ಲಿ ತೋಟದ ಆಚೆಯ ಕೊಂಕಣಿ ಬಾಯಮ್ಮ ಬಟ್ಟೆ ಮುಚ್ಚಿದ ತಟ್ಟೆಯಲ್ಲಿ ನೆವ್ರಿ, ಕಿಡಿಯೊ, ಗುಳಿಯೊ ತಂದುಕೊಡುತ್ತಿದ್ದರು. ತಟ್ಟೆಯನ್ನು ಖಾಲಿಯಾಗಿ ಹಿಂದಿರುಗಿಸಬಾರದು ಎಂದು ನನ್ನ ಅಮ್ಮ ಅದರಲ್ಲಿ ಒಂದು ಹಿಡಿ ಅಕ್ಕಿಯನ್ನೋ ಒಂದು ಅಚ್ಚು ಬೆಲ್ಲವನ್ನೋ ಇಡುತ್ತಿದ್ದರು. ನಮ್ಮ ಮನೆಯವರು ಯಾರೂ ಇಗರ್ಜಿಯ ಒಳಗೆ ಕಾಲಿಟ್ಟವರಲ್ಲ. ಆದರೂ ಈ ಹಬ್ಬದ ಬಗ್ಗೆ ನಾನು ಮೊದಲು ಕಲಿತದ್ದು ಆ ತಟ್ಟೆಯಿಂದ. ನೀವು ಒಂದು ತಟ್ಟೆಯನ್ನು ಈ ವರ್ಷ ಯಾರ ಮನೆಗೆ ಯಾರೂ ಏನನ್ನೂ ಒಯ್ಯುವುದಿಲ್ಲವೋ ಆ ಮನೆಗೆ ಕೊಂಡುಹೋಗಿ, ಅಲ್ಲಿ ಅರ್ಧ ಗಂಟೆ ಕುಳಿತು ಬನ್ನಿ.

ಗೋದಲಿಯ ಸುತ್ತ ಇಡಲು ಮಕ್ಕಳು ಭತ್ತದ ಸಸಿ ಬೆಳೆಸುವ ಕ್ರಮ ನಿಮ್ಮಲ್ಲಿ ಇದೆಯಲ್ಲ, ಅದನ್ನು ಅಂಗಡಿಯ ಪ್ಲಾಸ್ಟಿಕ್ ಹುಲ್ಲಿಗೆ ಬಿಟ್ಟುಕೊಡಬೇಡಿ. ಭತ್ತವನ್ನು ಒಂದು ರಾತ್ರಿ ನೀರಿನಲ್ಲಿ ನೆನೆಸಿ, ಹಬ್ಬಕ್ಕೆ ಹತ್ತು ಹನ್ನೆರಡು ದಿನ ಇರುವಾಗ ಗೆರಟೆಯಲ್ಲಿ ಮಣ್ಣು ಹಾಕಿ ಬಿತ್ತಿ. ಮಕ್ಕಳು ನೀರು ಚಿಮುಕಿಸಲಿ, ನೀವೂ ಸಂಜೆಯ ತೆರ್ಸ್ (ಜಪಮಾಲೆಯ ಪ್ರಾರ್ಥನೆ) ಮುಗಿದ ಮೇಲೆ ಒಂದು ಕ್ಷಣ ಅದರ ಬಳಿ ನಿಲ್ಲಿ. ಮೊದಲ ಕೆಲವು ದಿನ ಒದ್ದೆ ಮಣ್ಣಲ್ಲದೆ ಬೇರೇನೂ ಕಾಣಿಸುವುದಿಲ್ಲ. ರಾತ್ರಿಯ ಬಲಿಪೂಜೆಗೆ ಹೊರಡುವ ಮೊದಲು ಆ ಗೆರಟೆಯನ್ನು ನೀವೇ ಎತ್ತಿ, ಇನ್ನೂ ಕೂಸನ್ನು ಮಲಗಿಸದ ಗೋದಲಿಯ ಪಕ್ಕದಲ್ಲಿ ಇಟ್ಟು ಹೊರಡಿ.